ಮೌಶಿ ಕಲಿಸಿದ ಇಂಗ್ಲಿಷ್

ಬೆಳಗಿನ ಆರೂ ಕಾಲು ಗಂಟೆ. ಬದಲಾಪುರ ಪೂರ್ವದ ಮೂರಂತಸ್ತಿನ ಕಟ್ಟಡವೊಂದರ ಕೆಳಗೆ ಲೋಲಾಕ್ಷಿ ಛತ್ರಿ ಮಡಚಿ, ನೀರು ಕೊಡವಿ, ಶಟರ್‌ನ ಬೀಗ ತೆಗೆಯುತ್ತಾರೆ. ಶಟರ್ ಅರ್ಧಕ್ಕೆ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಅದರ ಹಠ ಜಾಸ್ತಿ. ಅವರು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಭುಜ ಕೊಟ್ಟು ಒಂದೇ ಸಲಕ್ಕೆ ಮೇಲಕ್ಕೆ ತಳ್ಳುತ್ತಾರೆ. ಒಳಗಿನಿಂದ ಸೀಮೆಸುಣ್ಣದ, ಒದ್ದೆ ಗೋಡೆಯ, ನಿನ್ನೆ ಯಾವುದೋ ಮಗು ಚೆಲ್ಲಿದ ಹಾಲಿನ ವಾಸನೆ ಬರುತ್ತದೆ.

ಇದೊಂದು ಇಂಗ್ಲಿಷ್ ಮಾಧ್ಯಮದ ಶಿಶುವಿಹಾರ. ಮೂರು ಕೋಣೆ, ನಲವತ್ತಾರು ಪುಟ್ಟ ಕುರ್ಚಿ, ಎರಡು ಶೌಚಾಲಯ, ನಾಲ್ಕು ಕರಿಹಲಗೆ. ಏಳೂವರೆಗೆ ಮಕ್ಕಳು ಬರುವ ಮೊದಲು ಎಲ್ಲವೂ ತೊಳೆದು ಒರೆಸಿ ಆಗಿರಬೇಕು. ಡೊಂಬಿವಲಿಯ ಮನೆಯಿಂದ ಐದು ಗಂಟೆಗೇ ಹೊರಡುವ ಲೋಲಾಕ್ಷಿಯವರಿಗೆ ಈಗ ನಲವತ್ತೆಂಟು. ಇಡೀ ಊರು ಮುಂಬಯಿ ಕಡೆಗೆ ನುಗ್ಗುವ ಹೊತ್ತಿಗೆ ಅವರದು ಉಲ್ಟಾ ಪ್ರಯಾಣ. ಲೋಕಲ್‌ನಲ್ಲಿ ಕೂರಲಿಕ್ಕೆ ಸೀಟು ಸಿಗುತ್ತದೆ, ಕಾಲು ಚಾಚಲಿಕ್ಕೂ ಜಾಗ ಇರುತ್ತದೆ. "ನನ್ನ ಹಣೆಯಲ್ಲಿ ಇದೊಂದು ಸುಖ ಬರೆದಿದ್ದಾನೆ ದೇವರು" ಎಂದು ಅವರು ಹೇಳುತ್ತಾರೆ. ನಗುವುದಿಲ್ಲ.

ಕುರ್ಚಿಗಳಾದವು, ನೆಲವಾಯಿತು, ಶೌಚಾಲಯವಾಯಿತು. ಕರಿಹಲಗೆಗಳನ್ನು ಮಾತ್ರ ಅವರು ಕೊನೆಗೆ ಉಳಿಸಿಕೊಳ್ಳುತ್ತಾರೆ. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು, ಬರೆದದ್ದನ್ನು ಒಂದು ಸಲ ಪೂರ್ತಿ ಓದಿ, ಆಮೇಲೆ ಎಡದಿಂದ ಬಲಕ್ಕೆ ಒರೆಸುತ್ತಾರೆ. ಸರಿ ಬರೆದಿದ್ದರೂ ಒರೆಸುವುದೇ, ತಪ್ಪು ಬರೆದಿದ್ದರೂ ಒರೆಸುವುದೇ. "ಓದದೆ ಒರೆಸಿದರೆ ಎಂತದೋ ಬಿಟ್ಟು ಹೋದ ಹಾಗೆ ಆಗ್ತದೆ ನನಗೆ" ಎನ್ನುತ್ತಾರೆ. ಅಷ್ಟರಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ತನ್ವಿ ಟೀಚರ್ ಬರುತ್ತಾಳೆ. ಇಪ್ಪತ್ತೆರಡರ ಹುಡುಗಿ, ಕೆಲಸಕ್ಕೆ ಸೇರಿ ತಿಂಗಳಾಗಿಲ್ಲ. "ಗುಡ್ ಮಾರ್ನಿಂಗ್ ಮೌಶಿ" ಎಂದು ಒಳಗೆ ಹೋಗುತ್ತಾಳೆ. ಲೋಲಾಕ್ಷಿ ಹೊರಗೆ ಬಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ.

ಮೌಶಿ ಅಂದರೆ ಮರಾಠಿಯಲ್ಲಿ ತಾಯಿಯ ತಂಗಿ, ಚಿಕ್ಕಮ್ಮ. ಇಲ್ಲಿನ ಶಾಲೆಗಳಲ್ಲಿ ಆಯಾ ಕೆಲಸದವರನ್ನು ಎಲ್ಲರೂ ಕರೆಯುವುದು ಹಾಗೆ. ಮೂಗು ಒರೆಸುವವಳು, ಡಬ್ಬಿಯ ಮುಚ್ಚಳ ತೆಗೆದು ಕೊಡುವವಳು, ಚಡ್ಡಿ ಒದ್ದೆಯಾದರೆ ಬದಲಿಸುವವಳು ಮೌಶಿ. ಈ ಮೌಶಿ ಒಂಬತ್ತು ವರ್ಷ ಒಂದು ಶಾಲೆಯಲ್ಲಿ ಐದರಿಂದ ಏಳನೇ ತರಗತಿವರೆಗಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವರು ಎಂಬುದು ಇಲ್ಲಿ ಒಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಯಾವ ಕಡತದಲ್ಲೂ ಅದು ಇಲ್ಲ. ಈ ಜೂನ್ ತಿಂಗಳಲ್ಲಿ ಅವರಿಗೆ ಬೇಕಾಗಿದ್ದು ಅದನ್ನು ಹೇಳುವ ಒಂದೇ ಒಂದು ಹಾಳೆ.

ಲೋಲಾಕ್ಷಿ ಕಟಪಾಡಿ ಕಡೆಯವರು. ಪಿಯುಸಿಯಲ್ಲಿ ಇಂಗ್ಲಿಷಿಗೆ ಎಪ್ಪತ್ತೊಂದು ಅಂಕ ಬಂದಿತ್ತು. ಶಿಕ್ಷಕರ ತರಬೇತಿಗೆ ಸೇರಲು ಅರ್ಜಿ ತುಂಬಿ, ಫೋಟೋ ಅಂಟಿಸಿ ಇಟ್ಟಿದ್ದರು. ಅದೇ ತಿಂಗಳು ಠಾಣೆಯ ಹೋಟೆಲಿನಲ್ಲಿ ಅಡುಗೆ ಭಟ್ಟರ ಕೈಕೆಳಗಿದ್ದ ದೇಜಪ್ಪನವರ ಸಂಬಂಧ ಬಂತು. ಅರ್ಜಿ ಪೆಟ್ಟಿಗೆಯಲ್ಲೇ ಉಳಿಯಿತು, ಫೋಟೋ ಮಾತ್ರ ಕಿತ್ತು ರೇಷನ್ ಕಾರ್ಡಿಗೆ ಅಂಟಿಸಿದರು. ಡೊಂಬಿವಲಿಯ ಒಂದು ಕೋಣೆಯ ಸಂಸಾರ, ಇಬ್ಬರು ಮಕ್ಕಳು, ಎಂಟೊಂಬತ್ತು ವರ್ಷ ಹೀಗೇ ಕಳೆಯಿತು. ೨೦೦೨ರಲ್ಲಿ, ಮನೆಯಿಂದ ಹತ್ತು ನಿಮಿಷದ ದೂರದ ಕನ್ನಡ ಶಾಲೆಗೆ ಆಯಾ ಬೇಕಾಗಿದೆ ಎಂದು ಗೊತ್ತಾಗಿ ಹೋಗಿ ಕೇಳಿದರು. ಮರುದಿನವೇ ಪೊರಕೆ ಕೈಗೆ ಬಂತು.

ಆ ಶಾಲೆ ಆಗಲೇ ಸೊರಗುತ್ತಿತ್ತು. ಕರಾವಳಿಯವರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿ ವರ್ಷಗಳಾಗಿದ್ದವು. ರಾಜ್ಯೋತ್ಸವದ ದಿನ ಕನ್ನಡ ಶಾಲೆ ಉಳಿಸಬೇಕೆಂದು ಗಂಟಲು ಹರಿಯುವಂತೆ ಭಾಷಣ ಮಾಡಿದವರ ಮಕ್ಕಳ ಕುತ್ತಿಗೆಯಲ್ಲಿ ಬೇರೆ ಶಾಲೆಯ ಟೈ ಇತ್ತು. ಬರುತ್ತಿದ್ದವರು ಎಂಐಡಿಸಿ ಕೈಗಾರಿಕಾ ವಸಾಹತಿನ ಕಾರ್ಖಾನೆಗಳಲ್ಲಿ ದುಡಿಯುವ ವಿಜಯಪುರ, ಕಲಬುರಗಿ ಕಡೆಯವರ ಮಕ್ಕಳು. ಮನೆಯಲ್ಲಿ ಒಂದು ಕನ್ನಡ, ಗಲ್ಲಿಯಲ್ಲಿ ಮರಾಠಿ, ಬಯ್ಯಲಿಕ್ಕೆ ಹಿಂದಿ. ಇಂಗ್ಲಿಷ್ ಅವರಿಗೆ ಸ್ಟೇಷನ್ನಿನ ಬೋರ್ಡಿನಲ್ಲಿ ಮಾತ್ರ ಕಾಣುತ್ತಿತ್ತು.

೨೦೦೪ರಲ್ಲಿ ಇಂಗ್ಲಿಷ್ ಟೀಚರ್ ಮದುವೆಯಾಗಿ ಸಾನಪಾಡಾಕ್ಕೆ ಹೋದರು. ಮಕ್ಕಳ ಸಂಖ್ಯೆ ಇಳಿಯುತ್ತಿದ್ದುದರಿಂದ ಆ ಜಾಗಕ್ಕೆ ಹೊಸಬರ ಮಂಜೂರಿ ಸಿಗಲಿಲ್ಲ. ಪರೀಕ್ಷೆಗೆ ಇಪ್ಪತ್ತೆರಡು ದಿನ ಇತ್ತು. ಹೆಡ್ ಮಾಸ್ತರ್ ಸೋಮಣ್ಣನವರು ಗಣಿತ, ಕನ್ನಡ, ಆಫೀಸು, ಸಂಬಳದ ಪಟ್ಟಿ ಎಲ್ಲವನ್ನೂ ಒಬ್ಬರೇ ಎಳೆಯುತ್ತಿದ್ದ ಮನುಷ್ಯ. ವೇಳಾಪಟ್ಟಿಯಲ್ಲಿ ಇಂಗ್ಲಿಷಿನ ಮುಂದೆ ತಮ್ಮ ಹೆಸರನ್ನೇ ಬರೆದುಕೊಂಡರು. ಆಮೇಲೆ ವರಾಂಡದಲ್ಲಿ ಕಸ ಗುಡಿಸುತ್ತಿದ್ದ ಲೋಲಾಕ್ಷಿಯವರ ಹತ್ತಿರ ಬಂದು, "ಬಾಯಾರ, ನೀವು ಪಿಯುಸಿ ಓದೀರಂತಲ್ಲ. ಆ ಕ್ಲಾಸಿನ್ಯಾಗ ಸ್ವಲ್ಪ ಕೂತ್ಕೋರಿ. ಹುಡುಗ್ರು ಗದ್ದಲ ಮಾಡಲಾರದಂಗ ನೋಡ್ಕೊಂಡ್ರ ಸಾಕು" ಎಂದರು.

ಅವರು ಕೂರಲಿಲ್ಲ. ಕೂತರೆ ಗುಡಿಸುವುದು ಯಾರು? ಆಯಾ ಕೆಲಸ ತಪ್ಪುವಂತಿರಲಿಲ್ಲ, ಮಕ್ಕಳನ್ನು ಬಿಟ್ಟು ಹೋಗುವಂತೆಯೂ ಇರಲಿಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ಮಾಡಿದರು. "ಓಪನ್ ದ ವಿಂಡೋ" ಎಂದರೆ ಒಬ್ಬ ಹುಡುಗ ಕಿಟಕಿ ತೆರೆಯಬೇಕು, ತಾನು ಏನು ಮಾಡುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಕೂಗಿ ಹೇಳಬೇಕು. ಬೆಂಚು ಒರೆಸುವವಳು ಒರೆಸುತ್ತಾ ಹೇಳಬೇಕು, ನೀರು ತುಂಬುವವನು ತುಂಬುತ್ತಾ ಹೇಳಬೇಕು. ಮಾಡಿ ಮುಗಿಸಿದ ಮೇಲೆ ಅದನ್ನೇ ಆಗಿಹೋದದ್ದಾಗಿ ತಿರುಗಿಸಿ ಹೇಳಬೇಕು. ನಲವತ್ತು ನಿಮಿಷದ ಪೀರಿಯಡ್ ಮುಗಿಯುವಷ್ಟರಲ್ಲಿ ಕೋಣೆ ಲಕಲಕ ಹೊಳೆಯುತ್ತಿತ್ತು, ಮಕ್ಕಳ ಬಾಯಲ್ಲಿ ಹತ್ತು ಕ್ರಿಯಾಪದ ಕೂತಿರುತ್ತಿತ್ತು. ಆ ವರ್ಷ ಇಂಗ್ಲಿಷಿನಲ್ಲಿ ಒಬ್ಬರೂ ಫೇಲಾಗಲಿಲ್ಲ. ಮರುವರ್ಷ ಪೀರಿಯಡ್ ಬಂದಾಗ ಯಾರೂ ಅವರನ್ನು ಕರೆಯಲೇ ಇಲ್ಲ, ಅವರೇ ಹೋದರು. ಮಕ್ಕಳು ಆಗಲೂ ಮೌಶಿ ಎಂದೇ ಕರೆಯುತ್ತಿದ್ದರು.

ಕೈಯಲ್ಲಿ ಮಾಡಿ ತೋರಿಸಲಾಗದ ಕ್ರಿಯಾಪದ ಬಂದಾಗ ಏನು ಮಾಡುತ್ತಿದ್ದರು? ಆ ಪ್ರಶ್ನೆ ಕೇಳಿದರೆ ಲೋಲಾಕ್ಷಿಯವರ ಮುಖ ಸ್ವಲ್ಪ ಬೆಳಗುತ್ತದೆ. ೨೦೦೭ರಲ್ಲಿ ಪಾಠದಲ್ಲಿ 'ಟೀಚ್' ಎಂಬ ಪದ ಬಂತು. ಕಲಿಸುವುದು ಎಂದು ಅರ್ಥ ಹೇಳಿದರೆ ಐದನೇ ತರಗತಿಯ ಬಾಗಿ ಎಂಬ ಹುಡುಗಿ ಎದ್ದು ನಿಂತಳು. "ಮೌಶಿ, ಅದನ್ನ ಮಾಡಿ ತೋರಸ್ರಿ" ಎಂದಳು. ಉಳಿದ ಪದಗಳಿಗೆಲ್ಲ ಅದೇ ಪದ್ಧತಿ ತಾನೆ?

ಬಾಗಿಲಲ್ಲಿ ಒಂದನೇ ತರಗತಿಯ ಸ್ವಪ್ನಿಲ್ ಬೂಟಿನ ಲೇಸ್ ಬಿಚ್ಚಿಕೊಂಡು ಅಳುಮೋರೆ ಹಾಕಿ ನಿಂತಿದ್ದ. ಹೋಗಿ ನೋಡು ಎಂದು ಬಾಗಿಯನ್ನೇ ಕಳಿಸಿದರು. ಬಾಗಿ ಕುಕ್ಕರಗಾಲಲ್ಲಿ ಕೂತು ಗಂಟು ಹಾಕಿದಳು. ಮತ್ತೆ ಏನನ್ನಿಸಿತೋ, ಅದನ್ನು ಬಿಚ್ಚಿ, ಎರಡೂ ತುದಿಯನ್ನು ಅವನ ಕೈಗೆ ಕೊಟ್ಟಳು. ಅವನ ಬೆರಳು ಹಿಡಿದು ಒಂದು ಸಲ, ಬೆರಳು ಬಿಟ್ಟು ಎರಡು ಸಲ. ಕೊನೆಯ ಸಲ ಅವನೇ ಕಟ್ಟಿ, ಯಾರ ಮುಖವನ್ನೂ ನೋಡದೆ ಓಡಿಹೋದ.

"ಆಗ ನಾನು ಹೇಳಿದೆ. ಬಾಗೀ, ನೀನು ಮೊದಲು ಕಟ್ಟಿ ಕೊಟ್ಟೆ ಅಲ್ವಾ, ಅದು ಹೆಲ್ಪ್. ಆಮೇಲೆ ಬಿಚ್ಚಿ ಅವನ ಕೈಗೆ ಕೊಟ್ಟೆ ನೋಡು, ಅದು ಟೀಚ್. ಹೆಲ್ಪ್ ಮಾಡಿದರೆ ನಾಳೆ ಪುನಃ ನಿನ್ನ ಹತ್ತಿರವೇ ಬರ್ತಾನೆ. ಟೀಚ್ ಮಾಡಿದರೆ ಬರುವುದಿಲ್ಲ. ಅಷ್ಟೇ ವ್ಯತ್ಯಾಸ." ಹೇಳಿ ಮುಗಿಸಿ ಲೋಲಾಕ್ಷಿ ಸ್ಟೂಲಿನಿಂದ ಎದ್ದು ಒಂದು ಮಗುವಿನ ನೀರಿನ ಬಾಟಲಿ ತುಂಬಿಸಿ ಬರುತ್ತಾರೆ.

ಆ ಶಾಲೆಗೆ ವರ್ಷಕ್ಕೊಮ್ಮೆ ಶಿಕ್ಷಣ ಇಲಾಖೆಯ ತಪಾಸಣೆ ಇರುತ್ತಿತ್ತು. ಅಂದು ನಡೆಯುತ್ತಿದ್ದ ನಾಟಕಕ್ಕೆ ಎಲ್ಲರ ಪಾತ್ರವೂ ಗೊತ್ತಿತ್ತು. ಸೀಮೆಸುಣ್ಣ ಸೋಮಣ್ಣನವರ ಕೈಗೆ ಹೋಗುತ್ತಿತ್ತು, ಚಹಾದ ಟ್ರೇ ಲೋಲಾಕ್ಷಿಯವರ ಕೈಗೆ ಬರುತ್ತಿತ್ತು. ತರಬೇತಿ ಇಲ್ಲದ ಆಯಾ ಪಾಠ ಮಾಡುತ್ತಾಳೆ ಎಂದು ಗೊತ್ತಾದರೆ ಶಾಲೆಯ ಅನುದಾನಕ್ಕೇ ಕುತ್ತು. ೨೦೦೮ರಲ್ಲಿ ತಪಾಸಣೆಗೆ ಬಂದ ಸಾಹೇಬರು ಇಂಗ್ಲಿಷ್ ಯಾರು ಹೇಳಿಕೊಡುತ್ತಾರೆ ಎಂದು ಕೇಳಿದಾಗ ಒಬ್ಬ ಹುಡುಗ ನೇರವಾಗಿ ಬಾಗಿಲಲ್ಲಿ ಟ್ರೇ ಹಿಡಿದು ನಿಂತ ಮೌಶಿಯ ಕಡೆ ಬೆರಳು ತೋರಿಸಿಬಿಟ್ಟ. ಸೋಮಣ್ಣ ಗಾಬರಿಯಲ್ಲಿ, "ಅವಂಗ ಚಹಾ ಬೇಕಾಗೇದ್ರಿ ಸಾಹೇಬ್ರ" ಎಂದು ನಗಿಸಿ ಪಾರು ಮಾಡಿದರು. ಅಂದು ಸಂಜೆಯೇ ತೀರ್ಮಾನವಾಯಿತು. ಮುಂದಿನ ವರ್ಷಕ್ಕೆ ಮಕ್ಕಳಿಗೆ ಉತ್ತರ ಕಲಿಸಿಡಬೇಕು.

ಇಂಗ್ಲಿಷಿನ ಉತ್ತರ ಕಲಿಸಬೇಕಾದವರು ಯಾರು? ಲೋಲಾಕ್ಷಿಯವರೇ. ಎರಡು ದಿನ ಇಡೀ ಪೀರಿಯಡ್ ಅದನ್ನೇ ಹೇಳಿಸಿದರು. 'ಸೋಮಣ್ಣ ಸರ್ ಟೀಚಸ್ ಅಸ್ ಇಂಗ್ಲಿಷ್.' ಸೋಮಣ್ಣ ಸರ್ ನಮಗೆ ಇಂಗ್ಲಿಷ್ ಕಲಿಸುತ್ತಾರೆ. ಬಾಗಿ ಆಗ ಏಳನೇ ತರಗತಿ. ಅದು ಸುಳ್ಳಲ್ವಾ ಮೌಶಿ ಎಂದು ಅವಳು ಮೆಲ್ಲಗೆ ಕೇಳಿದಳಂತೆ. "ವಾಕ್ಯ ಸರಿ ಉಂಟು, ಹೇಳು ಅಂದೆ. ಬೇರೆ ಎಂತ ಹೇಳುವುದು ನಾನು?"

೨೦೦೯ರಲ್ಲಿ ಬಂದ ಸಾಹೇಬರು ಅದೇ ಪ್ರಶ್ನೆ ಕೇಳಿದರು. ಇಡೀ ತರಗತಿ ಒಂದೇ ಸ್ವರದಲ್ಲಿ ಉತ್ತರಿಸಿತು. ಒಂದು ಮಗುವೂ ತಡವರಿಸಲಿಲ್ಲ. ಸಾಹೇಬರು ಖುಷಿಯಾಗಿ ತಪಾಸಣೆಯ ಪುಸ್ತಕದಲ್ಲಿ, ಮುಖ್ಯಾಧ್ಯಾಪಕರು ಇಂಗ್ಲಿಷನ್ನು ಬಹಳ ಆಸ್ಥೆಯಿಂದ ಕಲಿಸುತ್ತಿದ್ದಾರೆ ಎಂದು ಬರೆದರು. ಲೋಲಾಕ್ಷಿ ಚಹಾದ ಲೋಟಗಳನ್ನು ಎತ್ತಿಕೊಂಡು ಹೊರಗೆ ಬಂದರು.

"ಆ ಹೊತ್ತಿಗೆ ಖುಷಿಯೇ ಆಯ್ತು, ಸುಳ್ಳು ಯಾಕೆ ಹೇಳಲಿ? ಎಷ್ಟು ಚಂದ ಹೇಳಿದವು ಮಕ್ಕಳು. ಮನೆಗೆ ಹೋಗಿ ಅಕ್ಕಿ ತೊಳೆಯುವಾಗ ಅಳು ಬಂತು. ಎಂತಾಯ್ತು ಅಂತ ಇವರು ಕೇಳಿದರು. ಎಂತ ಹೇಳಲಿ? ಯಾರ ಮೇಲೆ ದೂರುವುದು? ನಾನೇ ಕಲಿಸಿದ್ದಲ್ವಾ." ಆಮೇಲಿನ ವರ್ಷಗಳಲ್ಲೂ ತಪಾಸಣೆಗೆ ಮುಂಚೆ ಎರಡು ದಿನ ಆ ವಾಕ್ಯಕ್ಕೇ ಮೀಸಲಾಗಿತ್ತು.

೨೦೧೩ರ ಏಪ್ರಿಲಿನಲ್ಲಿ ಶಾಲೆ ಮುಚ್ಚಿತು. ಕೊನೆಗೆ ಉಳಿದಿದ್ದು ಹತ್ತೊಂಬತ್ತು ಮಕ್ಕಳು. ಇದ್ದ ಇಬ್ಬರು ಶಿಕ್ಷಕರನ್ನು ಬೇರೆ ಶಾಲೆಗಳಿಗೆ ಹಾಕಿದರು. ಸೋಮಣ್ಣನವರಿಗೆ ಅದೇ ವರ್ಷ ನಿವೃತ್ತಿ. ಆಯಾಳ ಬಗ್ಗೆ ಯಾವ ಆದೇಶದಲ್ಲೂ ಒಂದು ಸಾಲು ಇರಲಿಲ್ಲ. ಕೊನೆಯ ದಿನ ಲೋಲಾಕ್ಷಿ ಎಂದಿನಂತೆ ಕೋಣೆಗಳನ್ನು ಗುಡಿಸಿ, ಕೀಲಿ ಗೊಂಚಲನ್ನು ಶಾಲೆ ನಡೆಸುತ್ತಿದ್ದ ಕನ್ನಡ ಸಂಘದ ಆಫೀಸಿಗೆ ಕೊಟ್ಟು ಮನೆಗೆ ನಡೆದರು. ನಾಲ್ಕು ತಿಂಗಳು ಕೆಲಸವಿಲ್ಲದೆ ಕೂತು, ಆಮೇಲೆ ಬದಲಾಪುರದ ಈ ಶಿಶುವಿಹಾರಕ್ಕೆ ಬಂದರು. ಪೊರಕೆ ಬದಲಾಯಿತು, ಅಷ್ಟೇ.

ಈ ವರ್ಷ ಜೂನಿನ ಎರಡನೇ ವಾರ ಇಲ್ಲಿನ ಮೇಲ್ವಿಚಾರಕಿ ತೃಪ್ತಿ ಮೇಡಂ ಲೋಲಾಕ್ಷಿಯವರನ್ನು ಒಳಗೆ ಕರೆದಳು. ತೃಪ್ತಿ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯ ಹುಡುಗಿ. ಕನ್ನಡ ತಿಳಿಯುತ್ತದೆ, ಬಾಯಿ ತೆರೆದರೆ ಹಿಂದಿ. ಟೀಚರ್ ಇಲ್ಲದ ಒಂದು ದಿನ ಮೌಶಿ ಮಕ್ಕಳ ಕೈಯಲ್ಲಿ ಕುರ್ಚಿ ಜೋಡಿಸುತ್ತಾ ಇಂಗ್ಲಿಷ್ ಹೇಳಿಸುತ್ತಿದ್ದುದನ್ನು ಬಾಗಿಲ ಸಂದಿಯಿಂದ ನೋಡಿದ್ದಳಂತೆ. "ಆಪ್ ಪೆಹಲೇ ಕಹೀಂ ಪಢಾತೀ ಥೀ ಕ್ಯಾ, ಮೌಶಿ?" ಮೊದಲು ಎಲ್ಲಾದರೂ ಪಾಠ ಮಾಡುತ್ತಿದ್ದಿರಾ ಎಂದು ಕೇಳಿದಳು. ಹೌದು ಎಂದರು ಲೋಲಾಕ್ಷಿ. ಹತ್ತು ವರ್ಷದಲ್ಲಿ ಮೊದಲ ಸಲ ಯಾರೋ ಕೇಳಿದ್ದರು, ಅವರೂ ಮೊದಲ ಸಲ ಹೌದು ಎಂದಿದ್ದರು. ಒಬ್ಬ ಸಹಾಯಕ ಟೀಚರ್ ಬೇಕಾಗಿದೆ, ಪಾಠ ಮಾಡಿದ ಅನುಭವದ ಪತ್ರ ಇದ್ದರೆ ಇಪ್ಪತ್ತೆಂಟನೇ ತಾರೀಖಿನೊಳಗೆ ತನ್ನಿ, ಡಿಗ್ರಿಯ ವಿಷಯ ನಾನು ನೋಡಿಕೊಳ್ಳುತ್ತೇನೆ ಎಂದಳು ತೃಪ್ತಿ.

ಸಂಘದ ಆಫೀಸಿನಲ್ಲಿ ದಾಖಲೆ ತೆಗೆದು ನೋಡಿ, ನೀವು ಆಯಾ ಎಂದೇ ಇದೆಯಲ್ಲ ಎಂದರು. ಅವರ ತಪ್ಪಲ್ಲ, ಹಾಗೆಯೇ ಇತ್ತು. ಉಳಿದಿದ್ದು ಸೋಮಣ್ಣನವರು. ಒಂದು ಭಾನುವಾರ ಲೋಲಾಕ್ಷಿ ಕಲ್ಯಾಣದ ಅವರ ಮನೆಗೆ ಹೋದರು. ಹೆಂಡತಿ ರತ್ನಾಬಾಯಿ ಮಂಚದ ಮೇಲೆ ಮಲಗಿದ್ದರು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಹಿಂದಿನ ದಿನವಷ್ಟೇ ಆಗಿತ್ತು. ಸೋಮಣ್ಣ ಬಂದ ಕಾರಣ ಕೇಳಿ, ಬಹಳ ಹೊತ್ತು ಕನ್ನಡಕ ಒರೆಸಿ, ಕೊನೆಗೆ ಒಂದು ಪತ್ರ ಬರೆದುಕೊಟ್ಟರು. ಪ್ರಾಮಾಣಿಕರು, ಶ್ರಮಜೀವಿ, ಇಂಗ್ಲಿಷ್ ತರಗತಿಯಲ್ಲಿ ಶಿಕ್ಷಕರಿಗೆ ಹೆಲ್ಪ್ ಮಾಡಿದ್ದಾರೆ ಎಂದು ಅದರಲ್ಲಿತ್ತು.

"ಸರ್, ನಾನು ಹೆಲ್ಪ್ ಮಾಡಿದ್ದಲ್ಲ" ಎಂದರು ಲೋಲಾಕ್ಷಿ.

"ನನಗ ಗೊತ್ತಿಲ್ಲೇನ್ರಿ ಬಾಯಾರ? ಒಂಬತ್ತು ವರ್ಷ ಟೈಮ್‌ಟೇಬಲ್ಲಿಗೆ ನನ್ನ ಸಹಿ ಅದ. ಸಾಹೇಬ್ರು ಪುಸ್ತಕದಾಗ ನನ್ನ ಹೆಸರ ಬರದಾರ. ಹತ್ತು ವರ್ಷಾತು, ಪೆನ್ಷನ್ ಕಾಗದ ಇನ್ನೂ ಇಲಾಖೆ ಆಫೀಸಿನ್ಯಾಗ ಕೂತದ, ಈಕಿ ಆಸ್ಪತ್ರೆ ಖರ್ಚಿಗೆ ಅದನ್ನ ನಂಬೀನಿ. ಈಗ ನಾ ಹ್ಯಾಂಗ ಬರೀಲಿ, ಹೇಳ್ರಿ." ಲೋಲಾಕ್ಷಿ ಪತ್ರ ಮಡಚಿ ಪರ್ಸಿಗೆ ಹಾಕಿಕೊಂಡು, ಕೊಟ್ಟ ಚಹಾ ಕುಡಿದು ಎದ್ದರು. ಮಂಚದ ಮೇಲಿಂದ ರತ್ನಾಬಾಯಿ ಅವರ ಕೈ ಹಿಡಿದುಕೊಂಡರು.

ಗುರುವಾರ ಸಂಜೆ ಲೋಲಾಕ್ಷಿಯವರ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಮೂರು ಮಹಡಿ ಹತ್ತಿ ಬಂದ ಸೋಮಣ್ಣ ಏದುಸಿರು ಬಿಡುತ್ತಾ ನಿಂತಿದ್ದರು, ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಒಳಗಿನ ಜೇಬಿನಿಂದ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಕಾಗದ ತೆಗೆದು ಕೊಟ್ಟರು. "ಭಾನುವಾರದಿಂದ ನಮ್ಮಾಕಿ ನನ್ನ ಕೂಡ ಮಾತ ಬಿಟ್ಟಾಳ. ಹಿಡೀರಿ. ಇರೂದನ್ನ ಬರದೀನಿ. ಮುಂದಿಂದು ಮುಂದ ನೋಡೋಣ." ಕೂರಿ ಎಂದರೂ ಕೂರಲಿಲ್ಲ. ರತ್ನಾಬಾಯಿ ಒಬ್ಬರೇ ಇದ್ದಾರೆ ಎಂದು ಹಾಗೇ ಇಳಿದುಹೋದರು.

ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ೨೦೦೪ರಿಂದ ೨೦೧೩ರವರೆಗೆ ಶ್ರೀಮತಿ ಲೋಲಾಕ್ಷಿ ನಮ್ಮ ಶಾಲೆಯ ಐದರಿಂದ ಏಳನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದಾರೆ. ಈ ವಿಷಯವನ್ನು ದಾಖಲೆಯಲ್ಲಿ ತೋರಿಸದೆ ಇದ್ದದ್ದು ನನ್ನ ತಪ್ಪು. ಕೆಳಗೆ ದುಂಡಗಿನ ಸಹಿ. ಲೋಲಾಕ್ಷಿ ನಿಂತೇ ಓದಿದರು, ಮತ್ತೆ ಗಂಡನಿಗೆ ತುಳುವಿನಲ್ಲಿ ಅರ್ಥ ಹೇಳಿದರು. ದೇಜಪ್ಪ ಇನ್ನೊಮ್ಮೆ ಹೇಳು ಎಂದರು, ಇನ್ನೊಮ್ಮೆ ಹೇಳಿದರು.

ಮರುದಿನ ಅವರು ಎರಡು ಲೋಕಲ್ ಮುಂಚೆಯೇ ಬದಲಾಪುರ ತಲುಪಿದ್ದರು. ಮಕ್ಕಳೆಲ್ಲ ಒಳಗೆ ಹೋದ ಮೇಲೆ ತೃಪ್ತಿ ಮೇಡಂನ ಟೇಬಲ್ಲಿನ ಮುಂದೆ ನಿಂತರು. ಲೆಟರ್ ಸಿಕ್ಕಿತಾ ಎಂದು ಕೇಳಿದ ತೃಪ್ತಿ, ಅವರು ಪರ್ಸಿನ ಜಿಪ್ ಎಳೆಯುತ್ತಿರುವಾಗಲೇ ಮಾತು ಮುಂದುವರಿಸಿದಳು. "ವೆರಿಫಿಕೇಶನ್ ಕೇ ಲಿಯೇ ಏಕ್ ಕಾಪಿ ಎಜುಕೇಶನ್ ಆಫೀಸ್ ಭೇಜನಾ ಪಡತಾ ಹೈ. ಬಸ್ ಫಾರ್ಮ್ಯಾಲಿಟಿ ಹೈ." ಪತ್ರದ ಒಂದು ಪ್ರತಿ ಶಿಕ್ಷಣ ಇಲಾಖೆಗೆ ಹೋಗುತ್ತದೆ, ಅಲ್ಲಿ ಹಳೆಯ ದಾಖಲೆ ತೆಗೆದು ತಾಳೆ ನೋಡುತ್ತಾರೆ. ಪೆನ್ಷನ್ ಕಾಗದ ಕೂತಿರುವುದೂ ಅದೇ ಆಫೀಸಿನಲ್ಲಿ.

ಲೋಲಾಕ್ಷಿಯವರ ಬೆರಳು ಪತ್ರದ ಮೇಲೇ ಇತ್ತು. "ನಹೀಂ ಮಿಲಾ, ಮೇಡಂ," ಸಿಗಲಿಲ್ಲ ಎಂದರು. ಜಿಪ್ ಎಳೆದು, ಹೊರಗೆ ಬಂದು ಸ್ಟೂಲಿನ ಮೇಲೆ ಕೂತರು. ಸೋಮವಾರದಿಂದ ಆ ಜಾಗಕ್ಕೆ ತನ್ವಿ ಟೀಚರ್ ಬರತೊಡಗಿದಳು. ಡಿಗ್ರಿಯವರೇ ಬೇಕಾಯಿತಂತೆ ಎಂದು ಅವರು ಸೋಮಣ್ಣನವರಿಗೆ ಫೋನಿನಲ್ಲಿ ತಿಳಿಸಿದರು. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ.

ಬೇಸರ ಇಲ್ಲವೇ ಎಂದು ಕೇಳಿದರೆ ಅವರು ದೊಡ್ಡ ಮಾತು ಆಡುವುದಿಲ್ಲ. "ಬೇಸರ ಉಂಟು. ಬೆಳಿಗ್ಗೆ ಹಲಗೆ ಒರೆಸುವಾಗ ಜಾಸ್ತಿ. ಆದರೆ ರತ್ನಾಬಾಯಿಯವರ ಆಸ್ಪತ್ರೆಯ ಖರ್ಚಿನ ಮೇಲೆ ನಾನು ಟೀಚರ್ ಆಗಿ ಎಲ್ಲಿ ನಿಲ್ಲುವುದು ಹೇಳಿ. ಹುಡುಗಿ ಒಳ್ಳೆಯವಳು, ತನ್ವಿ. ಕಲಿತುಕೊಳ್ತಾಳೆ." ಬಾಗಿ ಈಗ ಕಲ್ಯಾಣದಲ್ಲಿ ನರ್ಸ್ ಆಗಿದ್ದಾಳೆ, ಓದಿದ ಪುಸ್ತಕವೆಲ್ಲ ಇಂಗ್ಲಿಷ್. ಒಂದು ಸಲವೂ ಸಹಾಯ ಕೇಳಿಕೊಂಡು ಬಂದಿಲ್ಲ ಎಂದು ಲೋಲಾಕ್ಷಿ ಹೇಳುತ್ತಾರೆ. ಆ ಮಾತು ಹೇಳುವಾಗ ಅವರ ದನಿ ಗಟ್ಟಿಯಾಗುತ್ತದೆ.

ಇದೆಲ್ಲವನ್ನೂ ಪತ್ರಿಕೆಯಲ್ಲಿ ಬರೆಯುವ ಮಾತೆತ್ತಿದಾಗ ಅವರು ಎರಡು ವಾರ ಒಪ್ಪಲಿಲ್ಲ. ಒಪ್ಪಿದ ಮೇಲೂ ಷರತ್ತು ಹಾಕಿದರು. ಶಾಲೆಯ ಹೆಸರು ಬೇಡ, ಸರ್ ಅವರ ಹೆಸರು ಬೇಡ, ಸಂಘದ್ದು ಬೇಡ, ಫೋಟೋ ಬೇಡ. ಸರ್ ಓದಿದರೆ ಓದಲಿ, ಆಫೀಸಿನವರಿಗೆ ಗುರುತು ಸಿಗಬಾರದು. ಊರಿನ ಹೆಸರು ಇರಲಿ, ಡೊಂಬಿವಲಿಯಲ್ಲಿ ಮೌಶಿಯರಿಗೆ ಬರವಿಲ್ಲ ಎಂದರು. ಹಾಗಾಗಿ ಇಲ್ಲಿ ಸೋಮಣ್ಣ ಎಂದು ಬರೆದವರ ಹೆಸರು ಸೋಮಣ್ಣ ಅಲ್ಲ, ಬಾಗಿಯ ಹೆಸರು ಬಾಗಿ ಅಲ್ಲ. ಲೋಲಾಕ್ಷಿ ಎಂಬುದೂ ಅವರ ಹೆಸರಲ್ಲ.

ನಿಮ್ಮ ಬಗ್ಗೆ ಅಚ್ಚಾಗುವ ಒಂದೇ ಒಂದು ಬರಹದಲ್ಲೂ ನಿಮ್ಮ ಹೆಸರು ಇಲ್ಲದೆ ಹೋದರೆ ಹೇಗೆ ಎಂದು ಕೇಳಿದಾಗ ಅವರು ಒಂದು ಮಗುವಿಗೆ ಕೈ ತೊಳೆಸುತ್ತಿದ್ದರು. ತೊಳೆಸಿ, ಸೆರಗಿನಿಂದ ಒರೆಸಿ, ಒಳಗೆ ಕಳಿಸಿದ ಮೇಲೆ ಹೇಳಿದರು.

"ಹೆಸರು ಎಂತದು ಬೇಕಾದರೂ ಹಾಕಿ. ಕಲಿಸಿದ್ದಾಳೆ ಅಂತ ಬರೀರಿ, ಸಾಕು."